ಪರದೆಯ ಮರೆಯ ಸ್ಟೂಲು

"ಅವಳು ಹಾರ ಹಾಕೋವಾಗ ನಾನಿಲ್ಲಿ ಇರಲ್ಲ," ಎನ್ನುತ್ತ ಹೆಂಡತಿ ಗಂಡನ ಶವದ ಪಕ್ಕದಿಂದ ಎದ್ದೇಬಿಟ್ಟಳು.

"ಅತ್ತಿಗೆ, ಜನ ನೋಡ್ತಿದ್ದಾರೆ," ಎಂದ ಮೈದುನ.

"ನೋಡ್ಲಿ. ನಾನೇನು ನಾಟಕ ಆಡ್ತಿಲ್ಲ. ಆಡೋಳು ಬಂದ್ಲಲ್ಲ, ಅವಳನ್ನ ನೋಡ್ಲಿ."

ರಂಗಮಂದಿರ ತುಂಬಿತ್ತು. ಬದುಕಿಡೀ ಪಕ್ಕದ ಪರದೆಯ ಮರೆಯಲ್ಲಿ ಕೂತು, ನಟರು ಮರೆತ ಮಾತನ್ನು ಪಿಸುಗುಟ್ಟಿದ ಪ್ರಾಂಪ್ಟರನನ್ನು ಸತ್ತ ಮೇಲೆ ರಂಗದ ನಟ್ಟನಡುವೆ ಮಲಗಿಸಿದ್ದರು. ಅಲ್ಲಿನ ಬೆಳಕು ಅವನ ಮೈಮೇಲೆ ಬಿದ್ದದ್ದು ಅದೇ ಮೊದಲು. ಹೆಂಡತಿ ಪರದೆಯ ಹಿಂದೆ ಹೋಗಿ ಅವನ ಸ್ಟೂಲಿನ ಮೇಲೆ ಕೂತಳು.

*

ಮನೆಯಲ್ಲಿ ಅವನದು ಹೂಂ, ಸರಿ, ನೋಡೋಣ, ಅಷ್ಟೇ. ಮಾತೆಲ್ಲ ನಾಟಕ ಕಂಪನಿಯ ಆ ನಾಯಕಿಗೆ ಮೀಸಲು. ಗಡ್ಡ ಹೆರೆಯುವಾಗಲೂ ಅವಳ ಪಾತ್ರದ ಮಾತುಗಳನ್ನೇ ಹೇಳಿಕೊಳ್ಳುತ್ತಿದ್ದ. ಪಾತ್ರೆ ತಿಕ್ಕುತ್ತಿದ್ದ ಹೆಂಡತಿಗೂ ಅವು ಬಾಯಿಪಾಠವಾಗಿಬಿಟ್ಟಿದ್ದವು.

ಒಮ್ಮೆ ಮುಂದಿನ ಸಾಲಿನಲ್ಲಿ ಕೂತು ನಾಟಕ ನೋಡಿದಳು. ಮಾತಿನ ನಡುವೆ ನಾಯಕಿ ಪರದೆಯ ಕಡೆ ತಿರುಗಿ ಕಣ್ಣರಳಿಸಿದ್ದನ್ನು ಕಂಡಳು.

"ಯಾಕೆ ನಿಮ್ಮನ್ನ ಹಾಗೆ ನೋಡ್ತಾಳೆ ಅವಳು?"

"ಹೂಂ," ಎಂದಿದ್ದ ಅವನು.

ಆ ಹೂಂ ಇವತ್ತಿಗೂ ಅವಳ ಗಂಟಲಿನಿಂದ ಇಳಿದಿರಲಿಲ್ಲ.

*

ಕಂಪನಿಯವರು ಯಾರೇ ಸತ್ತರೂ ಅವರ ಮೆಚ್ಚಿನ ನಾಟಕದ ಕೊನೆಯ ಮಾತುಗಳನ್ನು ನಾಯಕಿ ಹೇಳಿ ಕಳಿಸಿಕೊಡುವುದು ರೂಢಿ. ಹಾರ ಹಾಕಿ ಅವಳು ಶುರುಮಾಡಿದಳು.

"ಹೋಗುವವನೇ, ದೀಪ ನನ್ನ ಕೈಯಲ್ಲಿ ಉಳಿಯಿತು..."

ಅಲ್ಲಿಗೇ ನಿಂತಳು. ಯಾರೋ ಕೆಮ್ಮಿದರು.

ಮುಂದಿನ ಮಾತು ಹೆಂಡತಿಯ ನಾಲಗೆಯ ತುದಿಯಲ್ಲೇ ಇತ್ತು. ತುಟಿ ಬಿಗಿದು ಕೂತಳು. ಒದ್ದಾಡಲಿ. ಅವನಿಲ್ಲದೆ ಇವಳೆಷ್ಟರವಳು ಅಂತ ಊರಿಗೇ ಗೊತ್ತಾಗಲಿ. ಗಂಡನ ಹೆಣ ಎದುರಿಗಿದ್ದರೂ ಅವಳಿಗೆ ಖುಷಿಯಾಯಿತು.

ನಾಯಕಿ ಪರದೆಯ ಕಡೆ ತಿರುಗಿದಳು. ಅದೇ ನೋಟ. ಆದರೆ ಮುಂದಿನ ಸಾಲಿನಿಂದ ಒಲವಿನಂತೆ ಕಂಡದ್ದು ಈ ಸ್ಟೂಲಿನಿಂದ ಹಾಗೆ ಕಾಣಲಿಲ್ಲ. ಬಾವಿಗೆ ಬಿದ್ದವಳು ಹಗ್ಗಕ್ಕಾಗಿ ಮೇಲೆ ನೋಡುವ ಹಾಗಿತ್ತು. ಬರೀ ಭಯ.

ಅಯ್ಯೋ, ಇಷ್ಟೇನಾ! ಇದನ್ನು ಹೇಳುವುದಕ್ಕೂ ಈ ಮಹಾರಾಯನಿಗೆ ಬಾಯಿ ಬರಲಿಲ್ಲವೇ?

"ನೀನು ನಡೆ," ಎಂದು ಹೆಂಡತಿ ಪಿಸುಗುಟ್ಟಿದಳು. "ಕತ್ತಲಾದಲ್ಲಿ ನಿಂತಿರು, ನಾನು ಬರುತ್ತೇನೆ."

ನಾಯಕಿ ಅದನ್ನೇ ತುಂಬುದನಿಯಲ್ಲಿ ಹೇಳಿದಳು. ಸಭೆ ಬಿಕ್ಕಿತು. ಮರೆಯಲ್ಲಿ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು, ಮುಂದಿನ ಮಾತು ಹೇಳಿಕೊಡಲು ಸ್ಟೂಲಿನ ತುದಿಗೆ ಸರಿದಳು.