ಹಿಲ್ಡಾಳ ಬಸಿ

ನೀನು ಮಾತಾಡಿದ್ದು ಮಾತ್ರೆಗಳ ಹತ್ರ ಕಣಮ್ಮ, ಬರ್ಕೆಟ್ ಹತ್ರ ಅಲ್ಲ, ವಿಡಿಯೋದಲ್ಲಿ ನಾಲ್ಕನೇ ನಿಮಿಷ ಇನ್ನೊಂದ್ಸಲ ನೋಡು, ಆಮೇಲೆ ಸಹಿ ಹಾಕ್ತೀನಿ — ಎಂದು ಡಾಕ್ಟರ್ ಫಾಸೆಟ್ ಬಾಗಿಲೆಳೆದುಕೊಂಡು ಹೋದರು, ಮೆಟ್ಟಿಲಿಳಿಯುವ ಅವರ ಬೂಟಿನ ಸದ್ದು ಮುಗಿದ ಮೇಲೆ ಕ್ಲಿನಿಕ್ಕಿನ ಈ ಮೇಲಿನ ಕೋಣೆಯಲ್ಲಿ ಗ್ವೆನ್‌ಗೆ ಉಳಿದದ್ದು ಎರಡು ಕುರ್ಚಿ, ಒಂದು ಪರದೆ, ಆರಿದ ಚಹಾ, ಸಹಿ ಎಂದರೆ ಎರಡು ಸಹಿ, ಒಂದು ಬರ್ಕೆಟ್ಟರ ರಕ್ತದೊತ್ತಡದ ಮಾತ್ರೆಯನ್ನು ತಾನು ಐದು ಮಿಲಿಗ್ರಾಂನಿಂದ ಹತ್ತಕ್ಕೆ ಏರಿಸಿದ ಚೀಟಿಗೆ, ಇನ್ನೊಂದು ಔಷಧಿ ಬರೆದುಕೊಡಲು ಕಲಿಯುವ ತನ್ನ ತರಬೇತಿಯ ಪುಸ್ತಕಕ್ಕೆ, ಹದಿನೆಂಟು ತಿಂಗಳದ್ದು, ನಲವತ್ತಾರರಲ್ಲಿ ಮತ್ತೆ ವಿದ್ಯಾರ್ಥಿನಿ, ಇಪ್ಪತ್ತು ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವಳು — ಅಲ್ಲಿ ದಿನಕ್ಕೆ ನೂರು ದನಿ, ಗ್ವೆನ್ ನನ್ನ ಕೆಮ್ಮು ಕೇಳು, ಗ್ವೆನ್ ನಿನ್ನ ಕೂದಲಿಗೇನಾಯ್ತೇ, ಇಲ್ಲಿ ಇಪ್ಪತ್ತು ನಿಮಿಷಕ್ಕೊಬ್ಬರು, ನಡುವೆ ಬರೀ ಗೋಡೆ, ಮಂಗಳವಾರದ ಆನ್‌ಲೈನ್ ಪಾಠದಲ್ಲಿ ಪರದೆಯ ಮೇಲೆ ಹನ್ನೆರಡು ಚೌಕ, ಚೌಕಕ್ಕೊಂದು ಬಾಯಿ ಮುಚ್ಚಿದ ಮುಖ, ರೋಗಿಗೆ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಮೌನಕ್ಕೆ ಹೆದರಬೇಡಿ, ಅನ್ನುತ್ತಾಳೆ ಪಾಠ ಹೇಳುವವಳು, ಮೌನವಂತೆ, ಅದು ಮನೆಯಲ್ಲಿ ಬೇಕಾದಷ್ಟಿದೆ.

ನಾಲ್ಕನೇ ನಿಮಿಷ, ಪರದೆಯಲ್ಲಿ ತಾನೇ, ಕತ್ತು ಕಂಪ್ಯೂಟರಿನ ಕಡೆಗೆ, ಮಾತ್ರೆ ಎಲ್ಲ ಸರಿಯಾಗಿ ನಡೀತಿದೆ ಅಲ್ವಾ ಬರ್ಕೆಟ್ಟೋರೇ, ನಡೀತಿದೆ ಕಣಮ್ಮ, ಎನ್ನುತ್ತಾರೆ ಮುದುಕರು ಟೋಪಿಯ ಅಂಚನ್ನು ತಿರುಗಿಸುತ್ತಾ, ನಮ್ಮನೆಯವಳು ಹಿಲ್ಡಾ ಇದ್ದಾಗ ಬಸೀಲಿರ್ತಿತ್ತು — ತಾನು ಟೈಪು ಮಾಡುತ್ತಿದ್ದಾಳೆ, ಟಕಟಕ, ತಿಂಗಳು ತಿಂಗಳೂ ತಪ್ಪದೆ ಒಯ್ದಿದ್ದಾರೆ ಎಂದು ಬರೆಯುತ್ತಿದ್ದಾಳೆ, ಅಂಗಡಿಯವಳ ಬುದ್ಧಿ, ಕೌಂಟರ್ ದಾಟಿದ್ದೆಲ್ಲ ಹೊಟ್ಟೆ ಸೇರಿತು ಅಂತಲೇ ನಂಬಿಕೆ — ಹಿಂದಕ್ಕೆ ಓಡಿಸು, ಬಸೀಲಿರ್ತಿತ್ತು, ಇನ್ನೊಮ್ಮೆ, ಬಸೀಲಿ, ಯಾವ ಬಸಿ, ಏನಿರುತ್ತಿತ್ತು, ಕೈ ಆಗಲೇ ಫೋನ್ ಎತ್ತಿದೆ, ಬರ್ಕೆಟ್ಟೋರೇ, ನಾನು ಗ್ವೆನ್, ಕ್ಲಿನಿಕ್ಕಿಂದ, ಮೊನ್ನೆ ಬಸೀಲಿರ್ತಿತ್ತು ಅಂದ್ರಲ್ಲ, ಏನದು — ಒಂದು, ಎರಡು, ಅವರ ಮನೆಯ ಗಡಿಯಾರ ಕೇಳಿಸುತ್ತಿದೆ, ಐದು, ಆರು, ಬಾಯಿ ತೆರೆಯಬೇಡ ಗ್ವೆನ್, ಎಂಟು — ಬೆಳಿಗ್ಗೆ ಚಹಾ ಕೊಡೋವಾಗ ಕಪ್ಪಿನ ಕೆಳಗೆ ಬಸೀಲಿ ಮಾತ್ರೆ ಇಟ್ಟಿರ್ತಿದ್ಲು, ಕಪ್ ಎತ್ತಿದ್ರೆ ಅಲ್ಲಿರೋದು, ಈಗ ಕಪ್ ಎತ್ತಿದ್ರೆ ಏನೂ ಇರಲ್ಲ. ಮತ್ತೆ ತಿಂಗಳು ತಿಂಗಳೂ ತಗೊಂಡು ಹೋಗೋದು? ಬ್ರೆಡ್ ಡಬ್ಬೀಲಿದೆ, ಅವಳು ಹೋದ ಮೇಲಿನ ಏಳು ತಿಂಗಳದ್ದೂ ಹಾಗೇ ಇದೆ, ತರದೇ ಇದ್ರೆ ಅಂಗಡಿ ಹುಡುಗೀರು ಬೇಜಾರು ಮಾಡ್ಕೋತಾರೆ, ಈಗ ಬ್ರೆಡ್ಡಿಗೇ ಜಾಗ ಇಲ್ಲ ಕಣಮ್ಮ. ಐದನ್ನೂ ನುಂಗದ ಮನುಷ್ಯ ತನ್ನ ಮಾತು ಕೇಳಿ ಒಮ್ಮೆಲೇ ಹತ್ತು ನುಂಗಿ, ತಲೆ ಸುತ್ತಿ, ಒಬ್ಬರೇ, ಮನೆಯ ಕಡಿದಾದ ಮೆಟ್ಟಿಲಿನ ಮೇಲೆ — ಸದ್ಯಕ್ಕೆ ಏನೂ ಶುರು ಮಾಡ್ಬೇಡಿ, ನಾಳೆ ಡಬ್ಬಿ ಸಮೇತ ಬನ್ನಿ, ಇಬ್ರೂ ಕೂತು ನೋಡೋಣ, ಎಂದಳು. ಬರ್ತೀನಿ, ಅಂದಹಾಗೆ ನಿನ್ನ ಬಸೀಲಿ ಯಾರಿಡ್ತಾರಮ್ಮ? ನಂದು ಮಗ್ಗು, ಬಸೀನೇ ಇಲ್ಲ. ಅದಕ್ಕೇ ಮತ್ತೆ, ಎಂದು ನಕ್ಕು ಅವರು ಫೋನ್ ಇಟ್ಟರು, ಗಡಿಯಾರದ ಸದ್ದೂ ಹೋಯಿತು, ಹತ್ತು ಎಂಬುದನ್ನು ಚೀಟಿಯಿಂದ ಅಳಿಸಿದಳು, ಪುಸ್ತಕದಲ್ಲಿ ಸಹಿಯ ಜಾಗ ಬಿಳಿಯಾಗಿಯೇ ಇದೆ, ಇರಲಿ, ಮಗ್ಗು ಎತ್ತಿದಳು — ಕೆಳಗೆ ಮೇಜಿನ ಮೇಲೆ ಚಹಾದ ಒದ್ದೆ ಉಂಗುರ, ಬಸಿಯ ಹಾಗೇ ದುಂಡಗೆ, ನಡುವೆ ಏನೂ ಇಲ್ಲ