ವೇಬ್ರಿಡ್ಜಿನಲ್ಲಿ ಚಿನ್ನದ ಡಿಕ್ಕಿ

ಎರಡನೆಯ ಫೈಲಿನ ಮೊದಲ ಸಾಲು ನೋಡಿದ ತ್ರಿವೇಣಿ ಮೂರನೆಯದನ್ನು ತೆರೆದಳು. ಆಮೇಲೆ ಏಳನೆಯದು, ಹದಿನೆಂಟನೆಯದು. ಎಲ್ಲದರಲ್ಲೂ ಅವೇ ಅಂಕಿಗಳು. ಮೌಸು ಒತ್ತುತ್ತ ಇಪ್ಪತ್ತೆರಡನ್ನೂ ತೆರೆದು ನೋಡಿದಳು.

ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳನ್ನು ತೂಗುವ ಈ ವೇಬ್ರಿಡ್ಜು ಅವಳ ಸೋದರಮಾವ ಈಶ್ವರನದು. ಹೊಸ ಕಂಪ್ಯೂಟರ್ ಬಂದ ಮೇಲೆ ಮೂಲೆ ಸೇರಿದ್ದ ಹಳೆಯದನ್ನು ಎಂ.ಎಸ್ಸಿ. ಪ್ರಾಜೆಕ್ಟಿಗೆ ಕೊಡು ಎಂದು ಕೇಳುವ ಧೈರ್ಯ ಬರಲು ಅವಳಿಗೆ ಒಂದು ವಾರ ಹಿಡಿದಿತ್ತು. ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡಿ ಬರುವ ಎರಡು ಚಿನ್ನದ ಪರಮಾಣುಗಳ ನ್ಯೂಕ್ಲಿಯಸ್ಸುಗಳು ಡಿಕ್ಕಿ ಹೊಡೆದರೆ ಕಣಗಳು ಯಾವ ದಿಕ್ಕಿಗೆ ಎಷ್ಟು ಸಿಡಿಯುತ್ತವೆ ಎಂಬುದನ್ನು ಅವಳ ಪ್ರೋಗ್ರಾಮು ಲೆಕ್ಕ ಹಾಕುತ್ತಿತ್ತು. ಸಾವಿರ ಡಿಕ್ಕಿಗೆ ಐದು ತಾಸು, ಒಂದು ಫೈಲು.

ಅವಳಿಲ್ಲದಾಗ ಅದನ್ನು ನೋಡಿಕೊಂಡವನು, ಹಗಲು ರಾತ್ರಿ ಇಲ್ಲೇ ಇದ್ದು ತೂಕದ ಚೀಟಿ ಕೊಡುವ ಹುಸೇನಪ್ಪ. ಫೈಲು ಮುಗಿದಾಗ, ಕರೆಂಟು ಹೋಗಿ ಬಂದಾಗ, ಅವಳು ಗೋಡೆಗೆ ಅಂಟಿಸಿದ್ದ ಇಂಗ್ಲಿಷ್ ಸಾಲನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಮಾನಿಟರಿಗೆ ಕೈ ಮುಗಿದು ಮತ್ತೆ ಶುರು ಮಾಡುತ್ತಿದ್ದ. ಆ ಸಾಲಿನ ಕೊನೆಯ ಅಂಕಿಯನ್ನು ಪ್ರತಿ ಸಲ ಬದಲಾಯಿಸಬೇಕಿತ್ತು. ಒಂದೊಂದು ಡಿಕ್ಕಿ ಹೇಗಾಗಬೇಕೆಂದು ಪ್ರೋಗ್ರಾಮು ದಾಳ ಉರುಳಿಸಿದ ಹಾಗೆ ಆರಿಸುವುದೇ ಅದರಿಂದ. ಅಂಕಿ ಅದೇ ಇದ್ದರೆ ಬೀಳುವ ದಾಳವೂ ಅದೇ. ಅದನ್ನು ಅವಳು ಹೇಳಿರಲಿಲ್ಲ. ಅವಳಿಗೇ ಹೊಳೆದಿರಲಿಲ್ಲ. ಇಪ್ಪತ್ತೆರಡು ಸಾವಿರ ಡಿಕ್ಕಿ ಎಂದುಕೊಂಡದ್ದು ಅದೇ ಸಾವಿರದ ಇಪ್ಪತ್ತೆರಡು ನಕಲು.

ಗೈಡ್ ಮನೋಹರ್ ಸರ್ ಗ್ರಾಫು ನೋಡಿ ಮೆಚ್ಚಿಯಾಗಿತ್ತು. ಶುಕ್ರವಾರ ಪ್ರಾಜೆಕ್ಟ್ ಒಪ್ಪಿಸಬೇಕು, ಇವತ್ತು ಸೋಮವಾರ. ಈ ಫೈಲುಗಳನ್ನು ಬೇರೆ ಯಾರೂ ತೆರೆದು ನೋಡುವವರಿರಲಿಲ್ಲ.

"ನಂದೇನರ ತಪ್ಪಾತೇನವ್ವ?" ಅವಳ ಮುಖ ನೋಡಿ ಹುಸೇನಪ್ಪ ಕೇಳಿದ.

ಇಲ್ಲ ಕಾಕಾ, ತಪ್ಪು ನಂದು ಎಂದು, ಆದದ್ದನ್ನು ತಡವರಿಸುತ್ತ ಹೇಳಿದಳು. ಅವನು ಗಮನವಿಟ್ಟು ಕೇಳಿ, ಕಿವಿಯ ಸಂದಿಯ ಪೆನ್ನು ತೆಗೆದು ನಕ್ಕ.

"ಅಂದ್ರ ಒಂದಾ ಲಾರೀನ ಇಪ್ಪತ್ತೆರಡು ಸಲ ತೂಗಿ, ಇಪ್ಪತ್ತೆರಡು ಚೀಟಿ ಹರದಂಗ. ಬಿಡವ್ವ, ಅಂಥಾವು ಈ ರೋಡಿನಾಗ ಭಾಳ ನಡದಾವು. ಯಾರು ಕೇಳ್ತಾರ?"

ಅವನು ಸಮಾಧಾನಕ್ಕೆ ಹೇಳಿದ ಮಾತು. ತ್ರಿವೇಣಿ ನಗಲಿಲ್ಲ. ಮನೆಯಲ್ಲಿ ಫೋನು ಹೊಡೆದುಕೊಂಡರೆ ಎತ್ತಬೇಕಾದೀತೆಂದು ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದ ಹುಡುಗಿ ಮೇಜಿನ ಮೇಲಿದ್ದ ಫೋನು ಎಳೆದುಕೊಂಡು ತಾನೇ ನಂಬರು ತಿರುಗಿಸಿದಳು. ಸರ್ ಎತ್ತಿದೊಡನೆ, ನಮಸ್ಕಾರವನ್ನೂ ಮರೆತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಶುಕ್ರವಾರದೊಳಗೆ ಹೊಸದಾಗಿ ಎಷ್ಟು ಡಿಕ್ಕಿ ಆಗುತ್ತದೆ ಎಂದು ಸರ್ ಕೇಳಿದರು. ಕರೆಂಟು ಕೈಕೊಡದಿದ್ದರೆ ಹದಿನಾರು ಸಾವಿರ ಎಂದಳು.

"ಹದಿನೈದು ಸಾವಿರಕ್ಕ ಒಂದು ಕಡಿಮಿ ಆದ್ರೂ ನಾ ಸೈನ್ ಹಾಕಂಗಿಲ್ಲ. ವರ್ಷ ಹೋಗತೈತಿ, ತಿಳ್ಕೊ." ಫೋನಿಡುವ ಮೊದಲು ಸೇರಿಸಿದರು, "ಫೋನ್ ಮಾಡಿದ್ದು ಚಲೋ ಆತು."

ಫೋನಿಟ್ಟವಳೇ ಗೋಡೆಯ ಚೀಟಿ ಕಿತ್ತು, ಕೊನೆಯ ಅಂಕಿಯ ಜಾಗ ಖಾಲಿ ಬಿಟ್ಟು ಬೇರೆ ಬರೆದಳು. ಇಲ್ಲಿ ಪ್ರತಿ ಸಲ ಹಿಂದೆ ಹಾಕಿರದ ಅಂಕಿ ಹಾಕಬೇಕು ಕಾಕಾ ಎಂದಳು.

"ಅಷ್ಟೊಂದು ಹೊಸಾ ಅಂಕಿ ನಾ ಎಲ್ಲಿಂದ ತರ್ಲಿ?" ಎಂದವನು ಕಿಟಕಿಯತ್ತ ತಿರುಗಿ, "ತಡಿ, ಒಂದು ಬರಾಕತ್ತೈತಿ" ಎಂದ.

ಅದಿರು ತುಂಬಿದ ಲಾರಿಯೊಂದು ಕೆಂಪು ದೂಳೆಬ್ಬಿಸುತ್ತ ವೇಬ್ರಿಡ್ಜಿನ ತಟ್ಟೆಯ ಮೇಲೇರಿ ನಿಂತಿತು. ತೂಕ ತೋರಿಸುವ ಪೆಟ್ಟಿಗೆಯಲ್ಲಿ ಅಂಕಿಗಳು ಹಿಂದೆ ಮುಂದೆ ಓಲಾಡಿದವು. ಅವು ನಿಲ್ಲುವವರೆಗೂ ಇಬ್ಬರೂ ಕಾದರು. ನಿಂತ ಮೇಲೆ ಹುಸೇನಪ್ಪ ತೂಕವನ್ನು ಗಟ್ಟಿಯಾಗಿ ಓದಿ ಹೇಳಿದ, ತ್ರಿವೇಣಿ ಅದನ್ನೇ ಸಾಲಿನ ಕೊನೆಗೆ ಒತ್ತಿದಳು. ಫ್ಯಾನಿನ ಸದ್ದಿನ ನಡುವೆ ಹಳೆಯ ಯಂತ್ರ ಗುಂಯ್‌ಗುಟ್ಟಿತು. ಕಪ್ಪು ಪರದೆಯ ಮೇಲೆ ಮೊದಲ ಸಾಲು ಮೂಡಿತು, ಅವಳು ಎಂದೂ ನೋಡಿರದ ಸಾಲು.