ಕೈ ಕೊಟ್ಟವಳು

ಎರಡನೇ ಮಹಡಿಯ ತಿರುವಿನಲ್ಲಿ ಯಾರೋ ಕಿತ್ತಳೆ ಸುಲಿದು ತಿಂದಿದ್ದಾರೆ, ವಾಸನೆ ಇನ್ನೂ ಹಸಿಹಸಿ, ಸಿಪ್ಪೆ ಮಾತ್ರ ಇಲ್ಲ, ಜೇಬಿಗೆ ಹಾಕಿಕೊಂಡು ಹೋಗಿರಬೇಕು, ಹಾಗಾದರೆ ಸಂಜೆ ವಿಭಾಗದವರೇ, ಹಗಲಿನ ಮಕ್ಕಳಾಗಿದ್ದರೆ ಸಿಪ್ಪೆ ಮೆಟ್ಟಿಲ ಮೇಲೇ ಬಿದ್ದಿರುತ್ತಿತ್ತು — ಇಪ್ಪತ್ತೇಳು ವರ್ಷ ಇದೇ ಕಾಲೇಜಿನಲ್ಲಿ ಸಮಾಜವಿಜ್ಞಾನ ಪಾಠ ಮಾಡಿ ಅವಳಿಗೆ ಇಷ್ಟು ಪತ್ತೇದಾರಿಕೆ ಬಂದಿದೆ, ಸಿಪ್ಪೆ ಯಾರದ್ದೆಂದು ವಾಸನೆಯಲ್ಲೇ ಹೇಳಬಲ್ಲಳು, ಪಕ್ಕದ ಕುರ್ಚಿಯಲ್ಲಿ ಕೂತವನ ಮನಸ್ಸಿನಲ್ಲಿ ಏನಿದೆ ಎಂಬುದೊಂದು ಗೊತ್ತಾಗಲಿಲ್ಲ. ಇನ್ನೊಂದು ಮಹಡಿ ಹತ್ತಬೇಕು. ಮಂಡಿ ನೋವು ಎಂಬ ನೆಪ ಇದೆ, ನಿಲ್ಲಬಹುದು, ಎರಡು ನಿಮಿಷ ನಿಂತರೆ ಯಾರೂ ಕೇಳುವುದಿಲ್ಲ, ಮೇಲೆ ಮೂವತ್ತೊಂದು ಜನ ಕಾದಿದ್ದಾರೆ, ಹಗಲೆಲ್ಲ ಹೊಲಿದು, ಗುಡಿಸಿ, ಟಿಕೆಟ್ ಹರಿದು, ಲಿಫ್ಟ್ ರಿಪೇರಿ ಮಾಡಿ, ಆರೂವರೆಗೆ ಓದಲು ಬರುವವರು, ಅವರಿಗೆ ಹೇಳಬೇಕು, ಏನಂತ ಹೇಳಬೇಕು, ಅಕ್ಕಾ ಬೇಜಾರು ಮಾಡ್ಕೋಬೇಡಿ ಅಂದನಲ್ಲ ಅವನು, ಬೇಜಾರಂತೆ, ಕಾಲು ತುಳಿದವರು ಹೇಳುವ ಹಾಗೆ ಹೇಳಿದ.

ಅಕ್ಕಾ ಎಂದೇ ಇಪ್ಪತ್ತೆರಡು ವರ್ಷ ಕರೆದವನು. ಅರ್ಥಶಾಸ್ತ್ರದ ಮೇಷ್ಟ್ರು, ಅವಳಿಗಿಂತ ಆರು ವರ್ಷ ಚಿಕ್ಕವನು, ಒಡಹುಟ್ಟಿದವನಲ್ಲ ಎಂಬುದೇ ಅವಳಿಗೆ ಮರೆತುಹೋಗಿತ್ತು, ಅವಳ ಅಮ್ಮ ಕೊನೆಗಾಲದಲ್ಲಿ ಮಗಳನ್ನು ಬಿಟ್ಟು ಅವನ ಕೈಯಲ್ಲೇ ಮಾತ್ರೆ ನುಂಗುತ್ತಿದ್ದಳು, ಇವಳು ಗದರ್ತಾಳೆ ಕಣಪ್ಪಾ, ನೀನೇ ಕೊಡು — ಅವನು ಕೆಲಸಕ್ಕೆ ಸೇರಿದ ವರ್ಷವೇ ಆಟದ ಬಯಲಿನ ಗಲಾಟೆ, ಶಾಲೆಯ ಮಕ್ಕಳು ಆಡುವ ಜಾಗವನ್ನು ವಾಹನ ನಿಲ್ದಾಣ ಮಾಡುತ್ತಾರಂತೆ ಎಂದು ಬಡಾವಣೆಯವರೆಲ್ಲ ಸಭೆ ಸೇರಿದ್ದರು, ಕಬ್ಬಿಣದ ಮಡಚುಕುರ್ಚಿಗಳು, ಎಲ್ಲರೂ ಗೊಣಗುವವರೇ, ಎದ್ದು ಮಾತಾಡುವವರು ಯಾರೂ ಇಲ್ಲ, ಆಗ ಹಿಂದಿನ ಸಾಲಿನಿಂದ ಈ ಹೊಸ ಮೇಷ್ಟ್ರು ಎದ್ದ, ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡ, ಬಯಲು ಬಯಲಾಗಿಯೇ ಇರಲಿ ಎಂದು ನಾನು ನಿರ್ಣಯ ಸೂಚಿಸ್ತೀನಿ ಅಂದ. ಅನುಮೋದಕರು ಯಾರು, ಅಧ್ಯಕ್ಷರು ಕೇಳಿದರು. ಸೂಚಿಸಲು ಒಬ್ಬ, ಅನುಮೋದಿಸಲು ಇನ್ನೊಬ್ಬ, ಆ ಇನ್ನೊಬ್ಬ ಇಲ್ಲದಿದ್ದರೆ ಚರ್ಚೆಗೆ ಬರುವ ಮೊದಲೇ ನಿರ್ಣಯ ಬಿದ್ದುಹೋಗುತ್ತದೆ, ಇದನ್ನು ಅವಳು ತರಗತಿಯಲ್ಲಿ ನೂರು ಸಲ ಹೇಳಿದ್ದಳು, ಬೀಳುವುದನ್ನು ಕಣ್ಣಾರೆ ನೋಡಿರಲಿಲ್ಲ, ಅವನು ನಿಂತೇ ಇದ್ದ, ಯಾರೂ ಕೈ ಎತ್ತಲಿಲ್ಲ, ಅವನ ಕಿವಿ ಕೆಂಪಾಯಿತು, ಅವಳ ಕೈ ಮೇಲೆ ಹೋಯಿತು. ಯೋಚನೆ ಆಮೇಲೆ ಬಂತು. ಬಯಲು ಉಳಿಯಿತು. ಅಲ್ಲಿಂದ ಶುರುವಾದದ್ದು, ಗ್ರಂಥಾಲಯ ಭಾನುವಾರವೂ ತೆರೆದಿರಲಿ, ಅವನು ಸೂಚಿಸಿದ, ಅವಳು ಅನುಮೋದಿಸಿದಳು, ಆಸ್ಪತ್ರೆಯ ಎದುರು ರಸ್ತೆ ದಾಟಲು ಬಿಳಿಪಟ್ಟೆ ಬೇಕು, ಅವನು ಸೂಚಿಸಿದ, ಅವಳು ಅನುಮೋದಿಸಿದಳು, ಮತದಾರರ ಪಟ್ಟಿಯಲ್ಲಿ ಬಿಟ್ಟುಹೋದ ಬಾಡಿಗೆಮನೆಯವರ ಹೆಸರು ಸೇರಿಸಲು ಇಬ್ಬರೂ ಬಿಸಿಲಲ್ಲಿ ಬೀದಿ ಬೀದಿ ಸುತ್ತಿ ಒಂದೇ ಬಾಟಲಿಯ ನೀರು ಕುಡಿದರು, ಬಡಾವಣೆಯವರು ತಮಾಷೆಗೆ ಜೋಡೆತ್ತು ಅನ್ನುತ್ತಿದ್ದರು. ಮನೆಯಲ್ಲೂ ಅದೇ ಆಟ, ಇನ್ನೊಂದು ಲೋಟ ಟೀ ಸೂಚಿಸ್ತೀನಿ ಅಕ್ಕಾ, ಅನುಮೋದಿಸಲಾಗಿದೆ ಕೂತ್ಕೋ, ಕನ್ನಡಕದ ಅಂಗಡಿ ಇಟ್ಟಿರುವ ಅವಳ ಗಂಡ ಪತ್ರಿಕೆಯ ಹಿಂದಿನಿಂದಲೇ ಹೇಳುತ್ತಿದ್ದ, ಇವಳ ಕಣ್ಣಿಗೆ ನಾನು ನಂಬರ್ ಕೊಡಬಲ್ಲೆ, ಕೈಗೆ ಯಾರು ಕೊಡ್ತಾರೆ. ಮೂವರೂ ನಗುತ್ತಿದ್ದರು.

ಇವತ್ತೂ ಹಾಗೇ ಹೋಯಿತು ಕೈ. ಆಡಳಿತ ಮಂಡಳಿಯ ಸಭೆ, ಹನ್ನೊಂದು ಜನ, ಮುಚ್ಚಳ ಹಾಕಿದ ನೀರಿನ ಲೋಟಗಳು, ಫ್ಯಾನ್ ಗಾಳಿಗೆ ಹಾರದಂತೆ ಹಾಳೆಗಳ ಮೇಲೆ ಡಸ್ಟರ್, ಏಳನೇ ವಿಷಯ, ಸಂಜೆ ವಿಭಾಗದ ಪುನರ್ರಚನೆ — ಆ ಪದ ಅವಳದೇ, ನಾಲ್ಕು ತಿಂಗಳು ಇಬ್ಬರೂ ಕೂತು ಬರೆದ ಯೋಜನೆ, ಪಾಳಿ ಮುಗಿಸಿ ಬರುವವರಿಗೆ ಅರ್ಧ ಗಂಟೆ ತಡವಾಗಿ ತರಗತಿ ಶುರು ಮಾಡುವುದು, ಮಗು ಕಟ್ಟಿಕೊಂಡು ಬರುವ ತಾಯಂದಿರಿಗೆ ಕೆಳಗೊಂದು ಕೋಣೆ, ಸುಧಾರಣೆ ಅಂತ ಬರೆಯೋಣವಾ ಅಕ್ಕಾ ಅಂದಿದ್ದ, ಬೇಡ, ಸುಧಾರಣೆ ಅಂದ್ರೆ ಈಗ ಕೆಟ್ಟಿದೆ ಅಂತ ಒಪ್ಪಿಕೊಂಡ ಹಾಗೆ, ಪುನರ್ರಚನೆ ಅಂತ ಹಾಕು ಅಂದವಳು ಅವಳೇ. ನಿನ್ನೆ ಸಂಜೆ ಫೋನ್ ಮಾಡಿದ್ದ, ನಾಳೆ ನಮ್ಮ ಪುನರ್ರಚನೆ ಬರ್ತಿದೆ ಅಕ್ಕಾ. ನಮ್ಮ. ಆ ನಮ್ಮ ಎಂಬ ಪದವನ್ನು ಬಾಯಲ್ಲಿ ಇಟ್ಟುಕೊಂಡು ಅವನು ರಾತ್ರಿ ಊಟ ಹೇಗೆ ಮಾಡಿದನೋ. ಅನುಬಂಧ ಓದಲಾಗಿದೆ ಎಂದು ಭಾವಿಸೋಣವೇ, ಪ್ರಾಂಶುಪಾಲರು ಕೇಳಿದರು, ಈ ಭಾವಿಸುವ ಪದ್ಧತಿಯನ್ನು ತಂದವಳೂ ಅವಳೇ, ಎಲ್ಲ ಹಾಳೆಯನ್ನೂ ಗಟ್ಟಿಯಾಗಿ ಓದುತ್ತ ಕೂತರೆ ಸಂಜೆ ತರಗತಿಗೆ ತಡವಾಗುತ್ತದೆ ಎಂದು, ಯೋಜನೆಯ ವಿವರವಿದ್ದ ಆ ಅನುಬಂಧ ನಾಲ್ಕು ದಿನ ಅವಳ ಮೇಜಿನ ಮೇಲೇ ಇತ್ತು, ತಾನು ಬರೆದದ್ದನ್ನು ತಾನೇ ಏನು ಓದುವುದು, ನಾನು ಸೂಚಿಸುತ್ತೇನೆ ಎಂದ ಅವನು, ಆ ದನಿ ಕಿವಿಗೆ ಬೀಳುವ ಮೊದಲೇ ಕೈ ಮೇಲಿತ್ತು, ಅವಳು ಕಿಟಕಿಯಾಚೆ ನೋಡುತ್ತಿದ್ದಳು, ಬೀದಿದೀಪ ಹಗಲಲ್ಲೇ ಉರಿಯುತ್ತಿತ್ತು, ನಾಳೆ ಪುರಸಭೆಗೆ ಫೋನ್ ಮಾಡಬೇಕು ಅಂದುಕೊಳ್ಳುತ್ತಿದ್ದಳು. ಅಂಗೀಕಾರ, ಎಂಟನೇ ವಿಷಯ.

ಸಭೆ ಮುಗಿದ ಮೇಲೆ ಬೆರಳಚ್ಚಿನಾಕೆ ನಡವಳಿಯ ಕರಡು ತಂದಳು, ಮೇಡಂ ನಿಮ್ಮದೊಂದು ಸಹಿ, ಪೆನ್ನಿನ ಮುಚ್ಚಳ ತೆಗೆದದ್ದೂ ಆಯಿತು, ಆಗ ಕಣ್ಣಿಗೆ ಬಿತ್ತು. ಒಂದರಿಂದ ಆರರವರೆಗೆ ಸೂಚಕರು ಅನುಮೋದಕರು ಎಂಬಲ್ಲೆಲ್ಲ ಚುಕ್ಕಿಗಳು, ಚುಕ್ಕಿಗಳ ಮೇಲೆ ಸಭೆಯಲ್ಲೇ ನೀಲಿ ಶಾಯಿಯಲ್ಲಿ ಗೀಚಿದ ಹೆಸರುಗಳು, ಎಂಟೂ ಹಾಗೇ, ಒಂಬತ್ತೂ ಹಾಗೇ, ಏಳನೆಯದರಲ್ಲಿ ಮಾತ್ರ ಚುಕ್ಕಿಗಳಿಲ್ಲ, ಅನುಮೋದಕರು: ಸಮಾಜವಿಜ್ಞಾನ ವಿಭಾಗದ ಮುಖ್ಯಸ್ಥರು, ಅಚ್ಚುಕಟ್ಟಾಗಿ ಟೈಪ್ ಆಗಿ ಕೂತಿದೆ. ಇದನ್ನು ಯಾವಾಗ ಟೈಪ್ ಮಾಡಿದ್ದು. ನಿನ್ನೆ ಮಧ್ಯಾಹ್ನ ಮೇಡಂ, ಅವಳಿಗೇನು ಗೊತ್ತು ಪಾಪ, ಸರ್ ಹೇಳಿದ್ರು, ಅದಕ್ಕೆ ಜಾಗ ಬಿಡಬೇಡ, ಹೇಗೂ ಅಕ್ಕನೇ ಅಂತ. ಹೇಗೂ ಅಕ್ಕನೇ. ನಿಂತಲ್ಲೇ ಅನುಬಂಧ ತಿರುವಿದಳು, ಶೀರ್ಷಿಕೆ ಅವಳದು, ಒಳಗಿನ ನಾಲ್ಕು ಅಂಶಗಳಲ್ಲಿ ಮೂರು ಅವಳವಲ್ಲ, ಮುಂದಿನ ಅವಧಿಯಿಂದ ಸಂಜೆ ವಿಭಾಗಕ್ಕೆ ಹೊಸ ಪ್ರವೇಶ ನೀಡತಕ್ಕದ್ದಲ್ಲ, ಹಾಲಿ ವಿದ್ಯಾರ್ಥಿಗಳನ್ನು ಹಗಲಿನ ವಿಭಾಗಕ್ಕೆ ಸೇರಿಸತಕ್ಕದ್ದು, ಸಂಜೆ ಕೋಣೆಗಳನ್ನು ತರಬೇತಿ ಸಂಸ್ಥೆಯೊಂದಕ್ಕೆ ಬಿಟ್ಟುಕೊಡತಕ್ಕದ್ದು — ಹಗಲು ಬರಲು ಆಗುವವರು ಸಂಜೆ ಯಾಕೆ ಬರುತ್ತಾರೆ, ಹಗಲಿಗೆ ಸೇರಿಸುವುದೆಂದರೆ ಮನೆಗೆ ಕಳಿಸುವುದು, ಅದನ್ನೇ ಮರ್ಯಾದೆಯಾಗಿ ಬರೆದಿದ್ದಾನೆ, ಮರ್ಯಾದೆಯಾಗಿ ಬರೆಯುವುದನ್ನು ಕಲಿಸಿದವಳು ಯಾರು ಎಂದು ಕೇಳಿದರೆ ಅದಕ್ಕೂ ಅವಳೇ. ಪ್ರಾಂಶುಪಾಲರು ಬರುವ ತಿಂಗಳು ನಿವೃತ್ತರಾಗುತ್ತಾರೆ, ಆ ಕುರ್ಚಿಗೆ ಯಾರು ಎಂದು ಇವತ್ತು ಎಲ್ಲರೂ ಅವನ ಬೆನ್ನು ತಟ್ಟಿದ್ದರಲ್ಲೇ ಗೊತ್ತಾಯಿತು. ಕೈ ಕೊಟ್ಟ ಅನ್ನುತ್ತಾರಲ್ಲ ಜನ ಇಂಥದ್ದಕ್ಕೆ, ನಂಬಿಸಿ ಕೈ ಕೊಟ್ಟ, ಇಲ್ಲಿ ನೋಡಿದರೆ ಕೈ ಕೊಟ್ಟವಳು ಅವಳೇ, ತೋಳಿನ ಸಮೇತ, ಅವನು ಬರೀ ತೆಗೆದುಕೊಂಡ.

ನೀರಿನ ಕೊಳಾಯಿಯ ಹತ್ತಿರ ಸಿಕ್ಕಿದ. ಸಿಕ್ಕಿದ ಏನು, ತಪ್ಪಿಸಿಕೊಂಡು ಹೋಗಲು ಬೇರೆ ದಾರಿ ಇರಲಿಲ್ಲ. ಅಕ್ಕಾ ಬೇಜಾರು ಮಾಡ್ಕೋಬೇಡಿ, ನಾಲ್ಕು ದಿನ ಮೊದಲೇ ಕಳಿಸಿದ್ದೆ, ನೀವು ಓದಿರ್ತೀರಿ ಅಂದ್ಕೊಂಡೆ. ಸುಳ್ಳಲ್ಲ, ಕಳಿಸಿದ್ದ. ಓದಿರ್ತೀರಿ ಅಂದ್ಕೊಂಡೆ ಎಂಬುದು ಸುಳ್ಳು, ಓದುವುದಿಲ್ಲ ಎಂದು ಗೊತ್ತಿದ್ದವನು ಲೋಕದಲ್ಲಿ ಅವನೊಬ್ಬನೇ. ನಾನಲ್ಲದಿದ್ರೆ ಇನ್ಯಾರೋ ಮುಚ್ಚಿಸ್ತಿದ್ರು ಅಕ್ಕಾ, ನಾನಾದ್ರೆ ನಿಮ್ಮನ್ನ ಹಗಲಿಗೆ ತಗೋಬಹುದು, ಇನ್ನೆರಡು ವರ್ಷ ಸರ್ವಿಸ್, ಈ ಮೆಟ್ಟಿಲು ಹತ್ತೋ ಕಷ್ಟ ಯಾಕೆ. ಬೈಯಬೇಕಿತ್ತು, ಬಾಯಿಗೆ ಬಂದದ್ದೇ ಬೇರೆ, ಜೇಬಲ್ಲಿ ಪೆನ್ನು ಸೋರ್ತಿದೆ ನೋಡು ಅಂದಳು. ಅವನು ಜೇಬು ನೋಡಿಕೊಂಡ, ನಾಲಿಗೆ ಕಚ್ಚಿಕೊಂಡ, ಥ್ಯಾಂಕ್ಸ್ ಅಕ್ಕಾ ಅಂದ. ಇದಕ್ಕಾಗಿ ಅವಳು ತನ್ನನ್ನು ಎಂದಾದರೂ ಕ್ಷಮಿಸುತ್ತಾಳೆಯೋ ಇಲ್ಲವೋ, ಇಪ್ಪತ್ತೆರಡು ವರ್ಷದ ಅಕ್ಕತನ ಅಷ್ಟು ಬೇಗ ಒಣಗುವುದಿಲ್ಲ, ಅವನಿಗೆ ಹೇಗೆ ಒಣಗಿತು, ಯಾವ ದಿನ, ಯಾವ ಲೋಟ ಟೀ ಕುಡಿಯುವಾಗ, ಅಮ್ಮ ಇದ್ದಿದ್ದರೆ ಅವನ ಮುಖ ನೋಡಿಯೇ ಹೇಳುತ್ತಿದ್ದಳೋ ಏನೋ, ಇಲ್ಲ, ಅಮ್ಮನೂ ಅವನ ಕೈಯಲ್ಲಿದ್ದ ಮಾತ್ರೆ ನುಂಗುತ್ತಿದ್ದಳು, ಯಾವ ಮಾತ್ರೆ ಎಂದು ಕೇಳುತ್ತಿರಲಿಲ್ಲ.

ನಾಲ್ಕನೇ ಅಂಶವೊಂದು ಉಳಿದಿದೆ. ಈ ತೀರ್ಮಾನವನ್ನು ಸಂಜೆ ವಿಭಾಗದ ತರಗತಿಯ ಒಪ್ಪಿಗೆ ಪಡೆದ ನಂತರವೇ ಜಾರಿಗೆ ತರತಕ್ಕದ್ದು, ಅವಳದೇ ವಾಕ್ಯ, ಅವಳ ಕರಡಿನಿಂದ ಎತ್ತಿ ಹಾಗೇ ಇಟ್ಟಿದ್ದಾನೆ, ಇಲ್ಲದಿದ್ದರೆ ಯಾರಾದರೂ ಕೇಳುತ್ತಾರೆಂದು ಇಟ್ಟನೋ, ಮರೆತನೋ, ಮರೆಯುವ ಆಸಾಮಿಯಲ್ಲ, ಇರಲಿ, ಅದೊಂದು ಸಾಕು, ತರಗತಿ ಬೇಡ ಅಂದರೆ ಇಡೀ ಕಾಗದ ಮಂಡಳಿಗೆ ವಾಪಸ್ ಹೋಗಬೇಕು, ಮೇಲೆ ಹೋಗಿ ಹೇಳಬೇಕು, ಇದು ನಾವು ಮಾತಾಡಿಕೊಂಡ ಪುನರ್ರಚನೆ ಅಲ್ಲ, ಒಪ್ಪಬೇಡಿ. ಆಮೇಲೆ ಅವರು ಕೇಳುತ್ತಾರೆ, ಯಾರು ಅನುಮೋದಿಸಿದ್ದು ಮೇಡಂ. ಕೇಳೇ ಕೇಳುತ್ತಾರೆ, ಯಾವ ಆದೇಶ ಬಂದರೂ ಮೊದಲು ಎರಡು ಹೆಸರು ಕೇಳಿ, ತೀರ್ಮಾನ ತಾನಾಗಿ ಆಗೋದಿಲ್ಲ, ಯಾರದೋ ಕೈ ಇರುತ್ತೆ ಎಂದು ಅವರಿಗೆ ಕಲಿಸಿದ್ದು ಮೊದಲನೇ ದಿನ. ಹೇಳುತ್ತಾಳೆ, ನನ್ನ ಕೈ ಅಂತಲೇ ಹೇಳುತ್ತಾಳೆ, ನಾಚಿಕೆಯಾದರೆ ಆಗಲಿ, ಮಂಡಿ ಹಿಡಿದುಕೊಂಡು ಉಳಿದ ಮೆಟ್ಟಿಲು ಹತ್ತಿದಳು, ಬಾಗಿಲು ತೆರೆದೇ ಇತ್ತು, ಟ್ಯೂಬ್‌ಲೈಟಿನ ಬೆಳಕು, ಯಂತ್ರದೆಣ್ಣೆ, ಫಿನಾಯಿಲು, ಕಿತ್ತಳೆ, ಎಲ್ಲ ಸೇರಿದ ಆ ತರಗತಿಯ ವಾಸನೆ, ಅವರಾಗಲೇ ಸಭೆ ಶುರು ಮಾಡಿಬಿಟ್ಟಿದ್ದಾರೆ.

ತರಗತಿಯ ಸಭೆಗೆ ವಾರಕ್ಕೊಬ್ಬರು ಅಧ್ಯಕ್ಷರು, ಈ ವಾರ ಹೊಲಿಗೆಯಾಕೆ, ನಲವತ್ತು ದಾಟಿದವಳು, ಬೆರಳಿಗೆ ಸೂಜಿ ಚುಚ್ಚಿ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದಾಳೆ, ಮೇಜಿನ ಮೇಲೆ ನೋಟಿಸು, ಅನುಬಂಧ, ಸಹಿ ಹಾಕುವ ಹಾಳೆ, ಮೆಟ್ಟಿಲು ಹತ್ತಿ ಬಂದ ಅವಳಿಗಿಂತ ಮೊದಲೇ ಮೇಲೆ ಬಂದು ಕೂತಿವೆ, ಅದನ್ನೂ ಅವನು ಮರೆತಿಲ್ಲ. ಬನ್ನಿ ಮೇಡಂ, ನಿಮಗೇ ಕಾಯ್ತಿದ್ವಿ, ಪುನರ್ರಚನೆ ಆಯ್ತಂತಲ್ಲ, ಒಪ್ಪಿಗೆ ಕೇಳಿದ್ದಾರೆ, ನೀವು ಹೇಳ್ಕೊಟ್ಟ ಹಾಗೆ ಮೊದಲು ಎರಡು ಹೆಸರು ನೋಡಿದ್ವಿ, ಸೂಚಕರು ನಮ್ಮ ಸರ್, ಅನುಮೋದಕರು ನೀವೇ. ನೋಡ್ರಿ, ಮಗು ಇಟ್ಕೊಳ್ಳೋಕೆ ಕೋಣೆನೂ ಬಂತು ಅಂತ ಆಸ್ಪತ್ರೆಯ ಆಯಾ ಹಿಂದಿನವಳಿಗೆ ಹೇಳುತ್ತಿದ್ದಾಳೆ, ಬಾಗಿಲಲ್ಲೇ ನಿಂತ ಅವಳು ಬಾಯಿ ತೆರೆದಳು, ಅನುಬಂಧ ಓದಿದಿರಾ ಅಂದಳು, ಅಷ್ಟೇ ಬಂತು. ಹೊಲಿಗೆಯಾಕೆ ನಕ್ಕಳು, ನಾಲ್ಕು ಹಾಳೆ ಮೇಡಂ, ಯಾರು ಓದ್ತಾರೆ ಈಗ, ನೀವು ಓದದೇ ಕೈ ಎತ್ತಿರ್ತೀರಾ. ಇಡೀ ತರಗತಿ ನಕ್ಕಿತು, ಮೇಡಂ ಓದದೇ ಕೈ ಎತ್ತುವುದೆಂದರೆ ಅವರಿಗೆ ಅದು ತಮಾಷೆ, ಕಂಡಕ್ಟರು ಎದ್ದು ನಾನು ಸೂಚಿಸ್ತೀನಿ ಅಂದ, ಆಯಾ ನಾನು ಅನುಮೋದಿಸ್ತೀನಿ ಅಂದಳು, ಒಪ್ಪಿಗೆ ಇರೋರು ಕೈ ಎತ್ತಿ, ಎತ್ತಿದರು, ಎಲ್ಲರೂ, ನಿಂತಿದ್ದವರೂ, ಮಗುವನ್ನು ತೊಡೆಯ ಮೇಲಿಟ್ಟುಕೊಂಡವಳೂ, ಮೇಡಂ ಎಣಿಸಿ, ಎಣಿಕೆ ಮುಗಿಯುವ ತನಕ ಕೈ ಇಳಿಸಬಾರದು, ಇಳಿಸಿದರೆ ಆ ಮತ ಲೆಕ್ಕಕ್ಕಿಲ್ಲ, ಎಷ್ಟು ಚೆನ್ನಾಗಿ ಕಲಿತಿದ್ದಾರೆ, ಎರಡು ಪದ ಸಾಕು, ನಾನು ಓದಿರಲಿಲ್ಲ, ಹೇಳು, ನಾನು — ಅವರು ಕಾಯುತ್ತಿದ್ದಾರೆ, ಯಾರೂ ಇಳಿಸುತ್ತಿಲ್ಲ, ಲಿಫ್ಟಿನವನು ಸೋತ ತೋಳಿಗೆ ಇನ್ನೊಂದು ಕೈ ಆಸರೆ ಕೊಟ್ಟುಕೊಂಡಿದ್ದಾನೆ, ನಗುತ್ತಲೇ ಇದ್ದಾನೆ, ನಾನು — ಮೇಲಿದೆ ಹೊಲಿಗೆಯಾಕೆಯ ಕೈ, ಪಟ್ಟಿ ಸುತ್ತಿದ ಬೆರಳು, ಮೇಲೆ, ಮೂವತ್ತೊಂದು, ಮೇಲೆ, ಓದದ ಕೈ